ಅಮ್ಮನ ಬೆರಳಿಗೆ ಮತ್ತಿ ಮೀನು, ನನ್ನ ಹೆಬ್ಬೆರಳಿಗೆ ಬೇಡ: ಕೊಡಗಿನ ಅಡುಗೆಮನೆಯಿಂದ ಕೀಲುನೋವಿಗೊಂದು ಮಾರ್ಗದರ್ಶಿ

ಕೆಲವು ವರ್ಷಗಳ ಹಿಂದೆ, ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ಮಾರನೆಯ ರಾತ್ರಿ ಎರಡು ಗಂಟೆಗೆ ನನ್ನ ಬಲಗಾಲಿನ ಹೆಬ್ಬೆರಳು ಕೆಂಡ ಮೆಟ್ಟಿದ ಹಾಗೆ ಉರಿಯತೊಡಗಿತು. ಕಂಬಳಿಯ ಅಂಚು ಸೋಕಿದರೂ ಪ್ರಾಣ ಹೋದ ಹಾಗಾಗುತ್ತಿತ್ತು. ಹಿಂದಿನ ದಿನ ಪಂದಿ ಕರಿ (ಹಂದಿ ಮಾಂಸದ ಸಾರು), ಕಡಂಬುಟ್ಟು (ಅಕ್ಕಿ ಕಡುಬು), ಜೊತೆಗೆ ನೆಂಟರಿಷ್ಟರು ಸುರಿದ ಬ್ರಾಂದಿ, ಎಲ್ಲವೂ ಧಾರಾಳವಾಗಿಯೇ ನಡೆದಿತ್ತು. ತೋಟದಲ್ಲಿ ಕಾಲು ಉಳುಕಿರಬೇಕು ಎಂದುಕೊಂಡೆ. ಅಮ್ಮನಿಗೆ ಕೈಬೆರಳಿನ ಗೆಣ್ಣುಗಳು ಬಾತುಕೊಳ್ಳುವ ಆಮವಾತವಿದೆ. ಮತ್ತಿ ಮೀನು (ಭೂತಾಯಿ) ತಿಂದರೆ ತನಗೆ ಹಗುರ ಎನಿಸುತ್ತದೆ ಎಂದು ನನಗೂ ನಾಲ್ಕು ದಿನ ಮತ್ತಿ ಸಾರು ಮಾಡಿ ಬಡಿಸಿದರು. ಐದನೆಯ ದಿನ ನಾನು ಕುಂಟುತ್ತಾ ಡಾಕ್ಟರ ಮುಂದೆ ಕೂತಿದ್ದೆ. ಅದು ಗೌಟ್. ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಾಗಿ, ಕೀಲಿನೊಳಗೆ ಸೂಜಿಯಂಥ ಹರಳುಗಳು ಕಟ್ಟುವ ರೋಗ. ಆ ಆಮ್ಲವನ್ನು ಏರಿಸುವ ಆಹಾರಗಳ ಪಟ್ಟಿಯಲ್ಲಿ ಮತ್ತಿ ಮೇಲುಗಡೆಯೇ ಇದೆ!

ಒಂದೇ ಮನೆ, ಒಂದೇ ಮಡಕೆ, ಒಂದೇ ಮೀನು. ಅಮ್ಮನ ಕೀಲಿಗೆ ಒಳ್ಳೆಯದಾದದ್ದು ನನ್ನ ಕೀಲಿಗೆ ವಿಷವಾಗಿತ್ತು. ‘ಕೀಲುನೋವಿಗೆ ಹತ್ತು ಆಹಾರ’ ಎಂದು ಮೊಬೈಲಿಗೆ ಬರುವ ಸಂದೇಶಗಳ ಮೇಲೆ ನನಗೆ ಸಿಟ್ಟು ಬರುವುದು ಇದಕ್ಕೇ. ಅವು ಯಾರ ಕೀಲು, ಯಾವ ನೋವು ಎಂದು ಕೇಳುವುದೇ ಇಲ್ಲ. ಹಾಗಾಗಿ ಈ ಮಾರ್ಗದರ್ಶಿ ಪಟ್ಟಿಯಿಂದಲ್ಲ, ನೋವಿನಿಂದ ಶುರುವಾಗುತ್ತದೆ.

ಹೆಜ್ಜೆ 1: ನಿಮ್ಮ ನೋವು ಯಾವ ಜಾತಿಯದು, ನೋಡಿಕೊಳ್ಳಿ

ಕೀಲುನೋವಿನಲ್ಲಿ ಬಗೆಗಳು ಬಹಳ. ಅಡುಗೆಮನೆಯ ಮಟ್ಟಿಗೆ ನಾಲ್ಕನ್ನು ತಿಳಿದರೆ ಸಾಕು.

ಮೊದಲನೆಯದು ಸವೆತ. ಐವತ್ತು ದಾಟಿದವರ ಮಂಡಿ, ಸೊಂಟ, ಕೈ ಹೆಬ್ಬೆರಳಿನ ಬುಡ. ಬೆಳಿಗ್ಗೆ ಎದ್ದಾಗ ಸ್ವಲ್ಪ ಹೊತ್ತು ಬಿಗಿ, ಅರ್ಧ ಗಂಟೆಯೊಳಗೆ ಸಡಿಲ. ಆದರೆ ತೋಟದ ಇಳಿಜಾರು ಇಳಿದು ಹತ್ತಿ ಸಂಜೆ ಮನೆ ಸೇರುವಾಗ ನೋವು ಜೋರು. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಬಗ್ಗಿ, ಎದ್ದು, ಮೂಟೆ ಹೊತ್ತವರಿಗೂ, ಮೆಣಸಿನ ಕೊಯ್ಲಿಗೆ ಏಣಿ ಹತ್ತುವವರಿಗೂ ಇದು ಚೆನ್ನಾಗಿ ಗೊತ್ತು.

ಎರಡನೆಯದು ಆಮವಾತ. ದೇಹದ ರಕ್ಷಣಾ ವ್ಯವಸ್ಥೆ ತನ್ನ ಕೀಲಿನ ಮೇಲೆಯೇ ತಿರುಗಿಬೀಳುವ ಕಾಯಿಲೆ. ಎರಡೂ ಕೈಗಳ ಗೆಣ್ಣುಗಳು ಜೋಡಿಯಾಗಿ ಬಾತುಕೊಳ್ಳುತ್ತವೆ, ಬೆಳಗಿನ ಬಿಗಿತ ಒಂದು ಗಂಟೆಗೂ ಹೆಚ್ಚು ಬಿಡುವುದಿಲ್ಲ. ದೋಸೆ ಹಿಟ್ಟಿನ ಪಾತ್ರೆ ಎತ್ತಲು, ಅಂಗಿಯ ಗುಂಡಿ ಹಾಕಲು ಬೆರಳು ಮಾತು ಕೇಳುವುದಿಲ್ಲ. ಇದಕ್ಕೆ ಔಷಧಿ ಬೇಕೇ ಬೇಕು. ತಡಮಾಡಿದರೆ ಕೀಲು ಸೊಟ್ಟಗಾಗುತ್ತದೆ.

ಮೂರನೆಯದು ನನ್ನದು, ಗೌಟ್. ಒಂದೇ ಕೀಲು, ಹೆಚ್ಚಾಗಿ ಕಾಲಿನ ಹೆಬ್ಬೆರಳು, ರಾತ್ರೋರಾತ್ರಿ ಕೆಂಪಾಗಿ ಊದಿಕೊಳ್ಳುತ್ತದೆ. ಒಂದು ಸೂಕ್ಷ್ಮವಿದೆ: ನೋವು ಜೋರಾಗಿರುವ ದಿನಗಳಲ್ಲಿ ರಕ್ತದ ಯೂರಿಕ್ ಆಮ್ಲ ಸರಿಯಾಗಿಯೇ ಇದ್ದಂತೆ ತೋರಬಹುದು. ಊತ ಇಳಿದು ಎರಡು ಮೂರು ವಾರದ ಬಳಿಕ ಮತ್ತೊಮ್ಮೆ ಪರೀಕ್ಷೆ ಮಾಡಿಸಬೇಕು. ಚಿಕಿತ್ಸೆಯಲ್ಲಿರುವವರಿಗೆ ಡಾಕ್ಟರರು ಇಡುವ ಗುರಿ ಸಾಮಾನ್ಯವಾಗಿ ಡೆಸಿಲೀಟರಿಗೆ 6 ಮಿಲಿಗ್ರಾಂಗಿಂತ ಕಡಿಮೆ.

ನಾಲ್ಕನೆಯದು ಕೀಲಿನದಲ್ಲ, ಮೂಳೆ ಮತ್ತು ಮಾಂಸಖಂಡದ ನೋವು. ಮೈಯೆಲ್ಲ ಜಡ್ಡು, ತೊಡೆಯಲ್ಲಿ ಬಲವಿಲ್ಲ, ಮೊಣಕಾಲಿನ ಕೆಳಗಿನ ಮೂಳೆ ಒತ್ತಿದರೆ ನೋವು. ವಿಟಮಿನ್ ಡಿ ಕೊರತೆ ಇರಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೂರ್ಯನ ಮುಖ ಕಾಣದ ಮಡಿಕೇರಿ, ಭಾಗಮಂಡಲದ ಕಡೆಯವರು ಈ ಸಾಧ್ಯತೆಯನ್ನು ಮರೆಯಬಾರದು.

ಚಿಕುನ್‌ಗುನ್ಯಾ ಬಂದು ಹೋದ ಮೇಲೆ ತಿಂಗಳುಗಟ್ಟಲೆ ಕಾಡುವ ನೋವು ಬೇರೆಯೇ ಇದೆ. ಅದಕ್ಕೆ ಆಮವಾತದವರ ಊಟದ ಕ್ರಮವೇ ಹೊಂದುತ್ತದೆ.

ಹೆಜ್ಜೆ 2: ಸೇರಿಸುವ ಮೊದಲು ಕಳೆಯಿರಿ

ಎಲ್ಲರೂ ಕೇಳುವುದು ‘ಏನು ತಿನ್ನಬೇಕು’ ಎಂದೇ. ನನ್ನ ಅನುಭವದಲ್ಲಿ ಬೇಗ ಫಲ ಕೊಡುವುದು ಏನು ಬಿಡಬೇಕು ಎಂಬ ಲೆಕ್ಕ.

ಮಂಡಿ ಸವೆದವರಿಗೆ ತೂಕದ ಲೆಕ್ಕವೇ ದೊಡ್ಡದು. ದೇಹದ ತೂಕ ಒಂದು ಕಿಲೋ ಇಳಿದರೆ ನಡೆಯುವಾಗ ಮಂಡಿಯ ಮೇಲೆ ಬೀಳುವ ಭಾರ ಪ್ರತಿ ಹೆಜ್ಜೆಗೂ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ ಎಂದು ಅಳೆದು ನೋಡಿದ್ದಾರೆ. ಐದು ಕಿಲೋ ಇಳಿಸಿದವರ ಮಂಡಿ ಹೆಜ್ಜೆಹೆಜ್ಜೆಗೂ ಇಪ್ಪತ್ತು ಕಿಲೋ ಇಳಿಸಿಟ್ಟ ಹಾಗೆ. ಯಾವ ಸೊಪ್ಪು, ಯಾವ ಕಷಾಯಕ್ಕೂ ಈ ಶಕ್ತಿ ಇಲ್ಲ.

ಕೊಡಗಿನಲ್ಲಿ ತೂಕ ಏರುವುದು ಎಲ್ಲಿಂದ? ಬೆಳಿಗ್ಗೆ ಅಕ್ಕಿ ಒಟ್ಟಿ (ಅಕ್ಕಿ ರೊಟ್ಟಿ), ಮಧ್ಯಾಹ್ನ ಅನ್ನ, ಸಂಜೆ ಕಾಫಿಗೆ ಪುಟ್ಟು, ರಾತ್ರಿ ಮತ್ತೆ ಅನ್ನ ಅಥವಾ ನೂಲುಪುಟ್ಟು (ಅಕ್ಕಿ ಶಾವಿಗೆ). ನಾಲ್ಕು ಹೊತ್ತೂ ಅಕ್ಕಿ. ಅಕ್ಕಿಯನ್ನು ಬಿಡಿ ಎಂದು ನಾನು ಹೇಳುವುದಿಲ್ಲ, ಹೇಳಿದರೆ ಊರಲ್ಲಿ ಇರಗೊಡಿಸುವುದಿಲ್ಲ. ಮೂರು ಒಟ್ಟಿಯ ಜಾಗದಲ್ಲಿ ಎರಡು, ಉಳಿದ ಜಾಗಕ್ಕೆ ಪಲ್ಯ. ರಾತ್ರಿಯ ಅನ್ನಕ್ಕೆ ಬದಲಾಗಿ ವಾರಕ್ಕೆ ಮೂರು ದಿನ ಒಂದು ಚಿಕ್ಕ ರಾಗಿ ಮುದ್ದೆ. ಕುಶಾಲನಗರ, ಶನಿವಾರಸಂತೆ ಕಡೆಯವರಿಗೆ ಇದು ಹೊಸತಲ್ಲ. ನಮ್ಮಂಥ ಮಲೆಯ ಕಡೆಯವರಿಗೆ ಮೊದಲ ವಾರ ಗಂಟಲಲ್ಲಿ ಇಳಿಯುವುದಿಲ್ಲ, ಆಮೇಲೆ ಸರಿಹೋಗುತ್ತದೆ.

ಗೌಟ್ ಇರುವವರು ಕಳೆಯಬೇಕಾದ್ದು ಬೇರೆ. ಮೊದಲನೆಯದು ಮದ್ಯ. ಅದರಲ್ಲೂ ಬಿಯರ್, ಆಮೇಲೆ ಬ್ರಾಂದಿ-ವಿಸ್ಕಿ. ‘ಮನೆಯಲ್ಲೇ ಮಾಡಿದ ವೈನ್, ಏನೂ ಆಗುವುದಿಲ್ಲ’ ಎನ್ನುವ ಮಾತು ನಮ್ಮಲ್ಲಿ ಇದೆ. ಅದರಲ್ಲಿ ಮದ್ಯವೂ ಉಂಟು, ಸೇರುಗಟ್ಟಲೆ ಸಕ್ಕರೆಯೂ ಉಂಟು. ಎರಡನೆಯದು ಈಲಿ (ಲಿವರ್), ಗುಂಡಿಗೆ, ಮೂತ್ರಪಿಂಡದಂಥ ಒಳ ಅಂಗಗಳ ಮಾಂಸ. ಮೂರನೆಯದು ಬಾಟಲಿ ಪಾನೀಯಗಳು. ಸಕ್ಕರೆಯಲ್ಲಿರುವ ಫ್ರಕ್ಟೋಸ್ ದೇಹದೊಳಗೆ ಯೂರಿಕ್ ಆಮ್ಲವನ್ನು ಹೆಚ್ಚಿಸುತ್ತದೆ. ಮಾಂಸ ಮುಟ್ಟದ ಹುಡುಗರಿಗೂ ಗೌಟ್ ಬರುವುದುಂಟು, ಅದರ ಹಿಂದೆ ಎಷ್ಟೋ ಸಲ ಈ ಬಾಟಲಿ ಇರುತ್ತದೆ. ಇದೇ ಕಾರಣಕ್ಕೆ ಜೇನನ್ನೂ ಚಮಚದಲ್ಲಿ ಅಳೆದೇ ತಿನ್ನಬೇಕು, ಎಷ್ಟೇ ಒಳ್ಳೆಯ ಕೊಡಗಿನ ಜೇನಾಗಲಿ.

ಪಂದಿ ಕರಿಯ ವಿಚಾರಕ್ಕೆ ಬರೋಣ, ಎಲ್ಲರೂ ಓದುತ್ತಿರುವುದೇ ಅದಕ್ಕಾಗಿ. ಹೆಬ್ಬೆರಳು ಊದಿರುವ ದಿನಗಳಲ್ಲಿ ಮುಟ್ಟಬೇಡಿ. ಉಳಿದ ದಿನಗಳಲ್ಲಿ ನಾನು ಪಾಲಿಸುವ ಕ್ರಮ ಇದು: ಹಬ್ಬಕ್ಕೆ ಮಾತ್ರ, ನಾಲ್ಕೈದು ತುಂಡು, ಅದೇ ದಿನ ಮದ್ಯ ಇಲ್ಲ. ಮಾಂಸವನ್ನು ಮೊದಲು ನೀರಿನಲ್ಲಿ ಕುದಿಸಿ ಆ ನೀರನ್ನು ಚೆಲ್ಲಿ, ಆಮೇಲೆ ಹುರಿದ ಮಸಾಲೆ, ಕಚಂಪುಳಿ (ಕೊಡಗಿನ ಕಪ್ಪು ಹುಳಿರಸ) ಹಾಕಿ ಬೇಯಿಸುವುದು. ದೇಹದಲ್ಲಿ ಯೂರಿಕ್ ಆಮ್ಲವಾಗುವ ಪ್ಯೂರಿನ್ ಎಂಬ ಅಂಶ ನೀರಿಗೆ ಬಿಟ್ಟುಕೊಳ್ಳುವುದರಿಂದ ಒಂದಷ್ಟು ಭಾಗ ಹಾಗೆ ಹೊರಹೋಗುತ್ತದೆ. ರುಚಿ? ಕಡಿಮೆಯೇ, ಸುಳ್ಳು ಯಾಕೆ ಹೇಳಲಿ.

ಒಂದು ಎಚ್ಚರಿಕೆ. ಊಟದ ಪಥ್ಯ ಒಂದರಿಂದಲೇ ಯೂರಿಕ್ ಆಮ್ಲ ಇಳಿಯುವುದು ಸುಮಾರು ಒಂದು ಮಿಲಿಗ್ರಾಂನಷ್ಟು ಮಾತ್ರ. ಒಂಬತ್ತು ಇದ್ದವರು ಪಥ್ಯದಿಂದಲೇ ಆರಕ್ಕೆ ಬರುವುದು ಕಷ್ಟ. ಡಾಕ್ಟರು ಕೊಟ್ಟ ಮಾತ್ರೆಯನ್ನು ‘ಪಂದಿ ಬಿಟ್ಟಿದ್ದೇನಲ್ಲ’ ಎಂದು ನಿಲ್ಲಿಸಬೇಡಿ. ನಾನು ಒಮ್ಮೆ ನಿಲ್ಲಿಸಿ, ಸುಗ್ಗಿಹಬ್ಬ ಪುತ್ತರಿಯ ಹೊತ್ತಿಗೆ ಮತ್ತೆ ಮಂಚ ಹಿಡಿದೆ.

ಹೆಜ್ಜೆ 3: ಮೀನು, ಆದರೆ ಯಾರಿಗೆ?

ಆಮವಾತದವರಿಗೆ ಊಟದಲ್ಲಿ ಹೆಚ್ಚು ಪುರಾವೆ ಇರುವುದು ಕೊಬ್ಬಿನ ಮೀನಿಗೆ. ಮತ್ತಿ, ಬಂಗುಡೆಗಳಲ್ಲಿರುವ ಒಮೆಗಾ-3 ಕೊಬ್ಬು ಬಾವು ಹುಟ್ಟಿಸುವ ರಾಸಾಯನಿಕಗಳನ್ನು ತಗ್ಗಿಸುತ್ತದೆ. ನೂರು ಗ್ರಾಂ ಮತ್ತಿಯಲ್ಲಿ ಒಂದೂವರೆ ಗ್ರಾಂ ಆಸುಪಾಸು ಸಿಗುತ್ತದೆ. ಔಷಧದಂತೆ ಕೊಟ್ಟು ನೋಡಿದ ಪ್ರಯೋಗಗಳಲ್ಲಿ ದಿನಕ್ಕೆ ಸುಮಾರು ಮೂರು ಗ್ರಾಂನಂತೆ ಮೂರು ತಿಂಗಳು ಕೊಟ್ಟ ಮೇಲೆ ನೋವು, ಬೆಳಗಿನ ಬಿಗಿತ ತಗ್ಗಿದ್ದು ಕಂಡಿದೆ. ವಾರಕ್ಕೆ ಎರಡು ಮೂರು ಸಲ ಮೀನು ತಿಂದರೆ ಅಷ್ಟು ಸೇರುವುದಿಲ್ಲ, ನಿಜ. ಆದರೂ ವಾರಕ್ಕೆ ಎರಡು ಸಲವಾದರೂ ಮೀನು ತಿನ್ನುವ ಆಮವಾತದವರಲ್ಲಿ ಕಾಯಿಲೆಯ ಉಪದ್ರ ಕಡಿಮೆ ಇದ್ದುದನ್ನೂ ಅಧ್ಯಯನಗಳು ಗುರುತಿಸಿವೆ. ಅಮ್ಮನಿಗೆ ವಾರಕ್ಕೆ ಮೂರು ಸಲ ಎಂದು ನಿಗದಿ ಮಾಡಿದ್ದೇವೆ.

ಮೀನಿಗೆ ನಮಗೆ ಕಡಲಿಲ್ಲ. ಮಂಗಳೂರು ಕಡೆಯಿಂದಲೂ ಕೇರಳದ ಕಡೆಯಿಂದಲೂ ಗಾಡಿ ಬರಬೇಕು. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದರಿಂದ, ನೋವು ಹೆಚ್ಚಾಗುವ ಮಳೆಗಾಲದಲ್ಲೇ ಹಸಿ ಮೀನು ತುಟ್ಟಿ. ಆಗ ಎಲ್ಲರ ಕೈ ಒಣಮೀನಿನ ಡಬ್ಬಿಗೆ ಹೋಗುತ್ತದೆ. ಒಣಮೀನಿನಲ್ಲಿ ಉಪ್ಪು ವಿಪರೀತ, ರಕ್ತದೊತ್ತಡದವರಿಗೂ ಗೌಟ್ ಇರುವವರಿಗೂ ಅದು ಸರಿಯಲ್ಲ. ಆ ಎರಡು ತಿಂಗಳು ಮೊಟ್ಟೆ, ಹುರುಳಿ, ಕೆರೆ-ಹೊಳೆಯ ಸಣ್ಣ ಮೀನು. ಮುಳ್ಳು ಸಮೇತ ಅಗಿದು ತಿನ್ನುವ ಪುಟ್ಟ ಕೊಯಿಲೆ ಮೀನು ಸಿಕ್ಕಿದರೆ ಕ್ಯಾಲ್ಸಿಯಂ ಪುಕ್ಕಟೆ.

ಅಮ್ಮನ ಮತ್ತಿ ಸಾರು ಹೀಗೆ. ಅರ್ಧ ಕಿಲೋ ಮತ್ತಿಯನ್ನು ಶುದ್ಧ ಮಾಡಿ, ಅರ್ಧ ಚಮಚ ಅರಿಶಿನ, ಉಪ್ಪು ಸವರಿ ಕಾಲು ಗಂಟೆ ಇಡಿ. ಎರಡು ಚಮಚ ಕೊತ್ತಂಬರಿ ಬೀಜ, ಅರ್ಧ ಚಮಚ ಜೀರಿಗೆ, ಒಂದು ಚಮಚ ಕರಿಮೆಣಸನ್ನು ಎಣ್ಣೆಯಿಲ್ಲದೆ ಕಪ್ಪೇರುವಷ್ಟು ಹುರಿದು ಪುಡಿ ಮಾಡಿಕೊಳ್ಳಿ. ಮಣ್ಣಿನ ಚಟ್ಟಿಯಲ್ಲಿ ಒಂದು ಚಮಚ ಎಣ್ಣೆ, ಹೆಚ್ಚಿದ ಎರಡು ಈರುಳ್ಳಿ, ಎಂಟು ಎಸಳು ಬೆಳ್ಳುಳ್ಳಿ, ಒಂದು ಅಂಗುಲ ಜಜ್ಜಿದ ಶುಂಠಿ, ನಾಲ್ಕು ಗಾಂಧಾರಿ ಮೆಣಸು (ಪುಟ್ಟ ಖಾರದ ಮೆಣಸಿನಕಾಯಿ) ಬಾಡಿಸಿ. ಪುಡಿ, ಎರಡು ಲೋಟ ನೀರು ಹಾಕಿ ಕುದಿ ಬಂದ ಮೇಲೆ ಮೀನು ಬಿಡಿ. ಸೌಟು ಹಾಕಬೇಡಿ, ಚಟ್ಟಿಯನ್ನೇ ಕುಲುಕಿ. ಎಂಟು ಹತ್ತು ನಿಮಿಷ ಸಾಕು. ಇಳಿಸುವ ಮೊದಲು ಒಂದು ಚಮಚ ಕಚಂಪುಳಿ. ಮತ್ತಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಕರಿಯುವುದಕ್ಕಿಂತ ಹೀಗೆ ಸಾರು ಮಾಡುವುದೇ ಮೇಲು. ಒಳ್ಳೆಯ ಕೊಬ್ಬು ಸಾರಿನಲ್ಲೇ ಉಳಿಯುತ್ತದೆ.

ಗೌಟ್ ಇರುವವರಿಗೆ? ನೋವಿನ ದಿನಗಳಲ್ಲಿ ಮತ್ತಿ ಬೇಡ, ಏಡಿ-ಸಿಗಡಿ ಬೇಡ. ಯೂರಿಕ್ ಆಮ್ಲ ಹತೋಟಿಗೆ ಬಂದ ಮೇಲೆ ಡಾಕ್ಟರರನ್ನು ಕೇಳಿ ವಾರಕ್ಕೊಮ್ಮೆ ಸ್ವಲ್ಪ.

ಸಸ್ಯಾಹಾರಿಗಳು ಅಗಸೆ ಬೀಜವನ್ನು ಹುರಿದು ಚಟ್ನಿಪುಡಿ ಮಾಡಿ ದಿನಕ್ಕೊಂದು ದೊಡ್ಡ ಚಮಚ ತಿನ್ನಬಹುದು. ಇಡಿಯಾಗಿ ನುಂಗಿದರೆ ಹಾಗೆಯೇ ಹೊರಹೋಗುತ್ತದೆ. ಅಗಸೆಯ ಒಮೆಗಾ-3 ಬೇರೆ ಬಗೆಯದು, ದೇಹ ಅದರಲ್ಲಿ ಸ್ವಲ್ಪ ಭಾಗವನ್ನಷ್ಟೇ ಮೀನಿನ ಬಗೆಗೆ ಬದಲಿಸಿಕೊಳ್ಳುತ್ತದೆ.

ಹೆಜ್ಜೆ 4: ಅರಿಶಿನಕ್ಕೆ ನಮ್ಮ ಕರಿಮೆಣಸಿನ ಜೊತೆ ಬೇಕು

ಇಲ್ಲಿ ಕೊಡಗಿನವರು ಅದೃಷ್ಟವಂತರು. ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಬಳ್ಳಿಯಲ್ಲೇ ಅರ್ಧ ಮದ್ದು ಇದೆ. ಅರಿಶಿನದ ಕರ್ಕ್ಯುಮಿನ್ ಬಾವು ತಗ್ಗಿಸುತ್ತದೆ ಎಂಬುದು ಮಂಡಿ ಸವೆತದವರ ಮೇಲೆ ನಡೆದ ಹಲವು ಪ್ರಯೋಗಗಳಲ್ಲಿ ಕಂಡಿದೆ. ಆದರೆ ಅದು ರಕ್ತಕ್ಕೆ ಸೇರಲು ಒಪ್ಪುವುದೇ ಇಲ್ಲ, ಕರುಳಿನಿಂದಲೇ ಹೊರಟುಹೋಗುತ್ತದೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಕೆಲವು ಸ್ವಯಂಸೇವಕರಿಗೆ 2 ಗ್ರಾಂ ಕರ್ಕ್ಯುಮಿನ್ ಜೊತೆ ಕರಿಮೆಣಸಿನ ಸಾರವಾದ ಪೈಪರಿನ್ 20 ಮಿಲಿಗ್ರಾಂ ಕೊಟ್ಟು ನೋಡಿದರು. ರಕ್ತಕ್ಕೆ ಸೇರುವ ಪ್ರಮಾಣ ಇಪ್ಪತ್ತು ಪಟ್ಟು ಏರಿತು. ಇಪ್ಪತ್ತು ಮಿಲಿಗ್ರಾಂ ಪೈಪರಿನ್ ಅಂದರೆ ಹೆಚ್ಚುಕಡಿಮೆ ಏಳೆಂಟು ಮೆಣಸುಕಾಳು.

ಹಾಗೆಂದು ಅರಿಶಿನದ ಹಾಲು ಕುಡಿದ ಮಾತ್ರಕ್ಕೆ ಪ್ರಯೋಗದ ಫಲ ಸಿಗದು. ಅಡುಗೆಯ ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ಶೇಕಡ 3ರಷ್ಟು. ಒಂದು ಚಮಚ, ಅಂದರೆ 3 ಗ್ರಾಂ ಪುಡಿಯಲ್ಲಿ 90 ಮಿಲಿಗ್ರಾಂ. ಪ್ರಯೋಗಗಳಲ್ಲಿ ದಿನಕ್ಕೆ 500 ಮಿಲಿಗ್ರಾಂ, ಅದಕ್ಕೂ ಮೇಲೆ ಕೊಡುತ್ತಾರೆ. ಅಷ್ಟಾಗಬೇಕಾದರೆ ಐದಾರು ಚಮಚ ಅರಿಶಿನ ತಿನ್ನಬೇಕು, ಹೊಟ್ಟೆ ಒಪ್ಪುವುದಿಲ್ಲ. ಹಾಗಾಗಿ ಅಡುಗೆಯ ಅರಿಶಿನದಿಂದ ನಿರೀಕ್ಷೆ ಮಿತವಾಗಿರಲಿ. ಮಾತ್ರೆಯ ದಾರಿ ಹಿಡಿಯುವವರು ಡಾಕ್ಟರರನ್ನು ಕೇಳದೆ ಹಿಡಿಯಬೇಡಿ. ಪೈಪರಿನ್ ಬೆರೆಸಿದ ಸಾಂದ್ರ ಕರ್ಕ್ಯುಮಿನ್ ಮಾತ್ರೆಗಳಿಂದ ಕೆಲವರಿಗೆ ಈಲಿಗೆ ಪೆಟ್ಟಾದ ವರದಿಗಳಿವೆ.

ದಿನಕ್ಕೆ ಒಂದು ಸಲ ಮಾಡುವುದಾದರೆ: ಒಂದು ಲೋಟ ಹಾಲು, ಅರ್ಧ ಚಮಚ ಅರಿಶಿನ, ಆಗಲೇ ಕುಟ್ಟಿದ ಆರೇಳು ಕಾಳು ಮೆಣಸು, ಜಜ್ಜಿದ ಶುಂಠಿ ಅರ್ಧ ಅಂಗುಲ. ಐದು ನಿಮಿಷ ಸಣ್ಣ ಉರಿಯಲ್ಲಿ ಕುದಿಸಿ ಸೋಸಿ. ಶುಂಠಿ ಹಾಕುವಾಗ ಹಾಲು ಒಡೆಯುತ್ತದೆ ಎನ್ನುವವರು ಶುಂಠಿಯನ್ನು ಮೊದಲು ಕಾಲು ಲೋಟ ನೀರಿನಲ್ಲಿ ಕುದಿಸಿ, ಆಮೇಲೆ ಕುದಿಯುತ್ತಿರುವ ಹಾಲು ಬೆರೆಸಬೇಕು. ಹಾಲಿನ ಕೊಬ್ಬೂ ಕರ್ಕ್ಯುಮಿನ್ ಕರಗಲು ನೆರವಾಗುತ್ತದೆ, ಕೆನೆ ಪೂರ್ತಿ ತೆಗೆಯಬೇಡಿ. ಬೆಲ್ಲ ಬೇಕೆನಿಸಿದರೆ ಚಿಟಿಕೆ. ಆರು ವಾರ ಬಿಡದೆ ಕುಡಿದು ನೋಡಿ, ಮೂರು ದಿನಕ್ಕೆ ತೀರ್ಪು ಕೊಡಬೇಡಿ.

ಅರಿಶಿನವನ್ನು ಆದಷ್ಟು ಕೊಂಬಾಗಿಯೇ ತಂದು ಮಿಲ್ಲಿನಲ್ಲಿ ಪುಡಿ ಮಾಡಿಸಿ. ಬಿಡಿ ಪುಡಿಗೆ ಬಣ್ಣಕ್ಕಾಗಿ ಸೀಸದ ಕ್ರೋಮೇಟ್ ಬೆರೆಸುವ ಕಲಬೆರಕೆ ಹಲವು ಕಡೆ ಪತ್ತೆಯಾಗಿದೆ. ನೋವಿಗೆಂದು ದಿನಾ ತಿನ್ನುವವರು ಅದನ್ನು ದಿನಾ ತಿಂದ ಹಾಗಾಗುತ್ತದೆ.

ಶುಂಠಿಗೂ ಸ್ವಲ್ಪ ಪುರಾವೆ ಇದೆ, ಮಂಡಿನೋವು ಅಷ್ಟಿಷ್ಟು ತಗ್ಗಿದ್ದು. ಗಾಂಧಾರಿ ಮೆಣಸಿನ ವಿಚಾರದಲ್ಲಿ ಒಂದು ತಮಾಷೆ: ಅದರ ಕ್ಯಾಪ್ಸೈಸಿನ್ ನೋವಿಗೆ ಒಳ್ಳೆಯದೇ, ಆದರೆ ಮಂಡಿಯ ಮೇಲೆ ಹಚ್ಚುವ ಮುಲಾಮಿನಲ್ಲಿ. ತಿಂದರೆ ಉರಿ ಬೇರೆ ಕಡೆ.

ಹೆಜ್ಜೆ 5: ಬಿಸಿಲಿಲ್ಲದ ತಿಂಗಳುಗಳಲ್ಲಿ ಮೂಳೆಗೆ

ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು, ಮುಟ್ಟು ನಿಂತ ಹೆಂಗಸರಿಗೆ 1200. ಅಕ್ಕಿಯಲ್ಲಿ ಅದು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ನೂರು ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು. ಸಿಪ್ಪೆ ತೆಗೆಯದ ಎಳ್ಳಿನಲ್ಲಿ ನೂರು ಗ್ರಾಂಗೆ ಸಾವಿರದ ಹತ್ತಿರ, ಕೆಲವು ತಳಿಗಳಲ್ಲಿ ಅದಕ್ಕೂ ಮೇಲೆ. ಎಳ್ಳನ್ನು ನೂರು ಗ್ರಾಂ ಯಾರು ತಿನ್ನುತ್ತಾರೆ, ಆದರೆ ಎರಡು ಚಮಚ ಎಳ್ಳು ಪಜ್ಜಿ (ಚಟ್ನಿ) ದಿನಾ ಇಳಿಯುತ್ತದೆ.

ಎಳ್ಳು ಪಜ್ಜಿಗೆ ಅರ್ಧ ಲೋಟ ಎಳ್ಳನ್ನು ಚಟಪಟ ಎನ್ನುವವರೆಗೆ ಸಣ್ಣ ಉರಿಯಲ್ಲಿ ಹುರಿಯಿರಿ. ಕಪ್ಪಾದರೆ ಕಹಿ. ಕಾಲು ಹೋಳು ತೆಂಗಿನ ತುರಿ, ನಾಲ್ಕು ಎಸಳು ಬೆಳ್ಳುಳ್ಳಿ, ಎರಡು ಗಾಂಧಾರಿ ಮೆಣಸು, ನೆಲ್ಲಿಕಾಯಿ ಗಾತ್ರದ ಹುಣಸೆ, ಉಪ್ಪು ಸೇರಿಸಿ ತರಿತರಿಯಾಗಿ ಅರೆಯಿರಿ. ಹುರಿದು ಅರೆದಾಗ ಕ್ಯಾಲ್ಸಿಯಂ ದೇಹಕ್ಕೆ ಸೇರುವುದು ಸುಲಭ. ಅಕ್ಕಿ ಒಟ್ಟಿಗೆ ಇದಕ್ಕಿಂತ ಒಳ್ಳೆಯ ಜೋಡಿ ನನಗೆ ಗೊತ್ತಿಲ್ಲ.

ನುಗ್ಗೆ ಸೊಪ್ಪು, ಮೊಸರು, ಹಾಲು ಕೂಡ ಇದೇ ಸಾಲಿನವು. ಹಾಲು-ಮೊಸರು ಗೌಟ್ ಇರುವವರಿಗೆ ಇಮ್ಮಡಿ ಒಳ್ಳೆಯದು, ಅವು ಯೂರಿಕ್ ಆಮ್ಲ ಹೊರಹೋಗಲು ನೆರವಾಗುತ್ತವೆ. ‘ಮೊಸರು ತಂಪು, ಕೀಲು ಹಿಡಿಯುತ್ತದೆ’ ಎಂದು ಹೆದರುವವರು ಮಧ್ಯಾಹ್ನ ಮಜ್ಜಿಗೆ ಮಾಡಿ ಕುಡಿಯಿರಿ. ಹುರುಳಿ ನಮ್ಮ ಮಳೆಗಾಲದ ಬಲ. ಗಂಟೆಗಟ್ಟಲೆ ಬೇಯಿಸಿ, ಕಟ್ಟನ್ನು ಬತ್ತಿಸಿ ಮಾಡುವ ಮುದಿರೆ ಕಣಿ ಒಂದು ಬಟ್ಟಲು ಕುಡಿದರೆ ಮೈ ಬೆಚ್ಚಗಾಗುತ್ತದೆ. ಮಾಂಸಖಂಡಕ್ಕೆ ಬೇಕಾದ ಪ್ರೋಟೀನ್ ಬೇಕೆಂದರೆ ಕಟ್ಟಿನ ಜೊತೆ ಕಾಳನ್ನೂ ತಿನ್ನಬೇಕು. ಮಂಡಿಯನ್ನು ಹಿಡಿದು ನಿಲ್ಲಿಸುವುದು ತೊಡೆಯ ಸ್ನಾಯು, ಅದಕ್ಕೆ ಪ್ರೋಟೀನ್ ಇಲ್ಲದಿದ್ದರೆ ಉಳಿದದ್ದೆಲ್ಲ ವ್ಯರ್ಥ. ಬೇಳೆಕಾಳುಗಳ ಪ್ಯೂರಿನ್‌ಗೆ ಗೌಟ್ ಇರುವವರು ಮಾಂಸದಷ್ಟು ಹೆದರಬೇಕಿಲ್ಲ.

ವಿಟಮಿನ್ ಡಿ ಬೇರೆ ಕತೆ. ಒಂದು ಮೊಟ್ಟೆಯ ಹಳದಿಯಲ್ಲಿ ಸುಮಾರು 40 ಯೂನಿಟ್, ದಿನಕ್ಕೆ ಬೇಕಾದದ್ದು 600. ಊಟದಿಂದ ಪೂರೈಸುವುದು ಕಷ್ಟ. ಅಣಬೆಯಲ್ಲಿ ಮಾತ್ರ ಒಂದು ಜಾಣತನವಿದೆ: ಕುಮ್ಮನ್ನಾಗಲಿ (ಕಾಡಣಬೆ), ಪೇಟೆಯ ಚಿಪ್ಪಣಬೆಯನ್ನಾಗಲಿ ಬಿಸಿಲು ಬಿದ್ದ ದಿನ ನಡು ಮಧ್ಯಾಹ್ನ ಒಳಮೈ ಮೇಲೆ ಮಾಡಿ ಅರ್ಧ ಮುಕ್ಕಾಲು ಗಂಟೆ ಬಿಸಿಲಿಗೆ ಇಟ್ಟರೆ ಅದರಲ್ಲಿ ವಿಟಮಿನ್ ಡಿ ಹುಟ್ಟುತ್ತದೆ. ನಮ್ಮ ಚರ್ಮ ಮಾಡುವ ಕೆಲಸವನ್ನೇ ಅಣಬೆಯೂ ಮಾಡುತ್ತದೆ. ಕಾಡಣಬೆಯನ್ನು ಗುರುತು ತಿಳಿದ ಹಿರಿಯರ ಕೈಯಿಂದ ಮಾತ್ರ ತನ್ನಿ. ರಕ್ತಪರೀಕ್ಷೆಯಲ್ಲಿ ಕೊರತೆ ಕಂಡರೆ ಡಾಕ್ಟರು 60,000 ಯೂನಿಟ್‌ನ ಪುಡಿ ಅಥವಾ ಮಾತ್ರೆ ವಾರಕ್ಕೊಂದರಂತೆ ಕೆಲವು ವಾರ ಕೊಡುತ್ತಾರೆ. ‘ಚೆನ್ನಾಗಿದೆಯಲ್ಲ’ ಎಂದು ಅದನ್ನು ವರ್ಷಗಟ್ಟಲೆ ಮುಂದುವರಿಸಿದರೆ, ದಿನಾ ತಿಂದರೆ, ಮೂತ್ರಪಿಂಡಕ್ಕೆ ಕೇಡು.

ಹೆಜ್ಜೆ 6: ಕಕ್ಕಡದ ತಿನಿಸುಗಳನ್ನು ಲೆಕ್ಕಕ್ಕೆ ಹಚ್ಚುವುದು

ಕೊಡವರ ಮಳೆಗಾಲದ ತಿಂಗಳಾದ ಕಕ್ಕಡದ 18ರಂದು, ಅಂದರೆ ಆಗಸ್ಟ್ 3ರ ಸುಮಾರಿಗೆ, ಮದ್ದ್ ತೊಪ್ಪಿನಲ್ಲಿ (ಮದ್ದಿನ ಸೊಪ್ಪು) ಹದಿನೆಂಟು ಬಗೆಯ ಔಷಧ ಸೇರಿರುತ್ತದೆ ಎಂಬ ನಂಬಿಕೆ. ಅರೆಭಾಷೆಯವರ ಮನೆಯಲ್ಲಿ ಆ ಸೊಪ್ಪಿನದೇ ಆಟಿ ಪಾಯಸ. ಸೊಪ್ಪು ಕುದಿಸಿದ ನೇರಳೆ ನೀರಿನಲ್ಲಿ ಅಕ್ಕಿ ಬೇಯಿಸಿ, ಬೆಲ್ಲ, ತೆಂಗಿನಕಾಯಿ ಸೇರಿಸಿ ಉಂಡ ಮಾರನೆಯ ದಿನ ಮೂತ್ರ ಕೆಂಪಗಾದರೆ ಹೊಸಬರು ಗಾಬರಿ, ಮನೆಯವರಿಗೆ ನಗು. ಪ್ರಯೋಗಾಲಯದಲ್ಲಿ ಈ ಸೊಪ್ಪಿನ ಸಾರ ಉತ್ಕರ್ಷಣ ನಿರೋಧಕ ಗುಣ ತೋರಿದೆ. ಆದರೆ ವರ್ಷಕ್ಕೊಂದೆರಡು ದಿನ ಉಣ್ಣುವ ಪಾಯಸದಿಂದ ಮಂಡಿ ಸರಿಹೋಗುತ್ತದೆ ಎನ್ನಲು ಅದು ಸಾಲದು. ಉಣ್ಣಿ, ಪರಿಮಳಕ್ಕಾಗಿ ಉಣ್ಣಿ. ಮಧುಮೇಹಿಗಳು ಪಾಯಸದ ಬದಲು ಪುಟ್ಟಿಗೆ ಹೋಗಿ.

ಕಣಿಲೆಯಲ್ಲಿ (ಎಳೆ ಬಿದಿರು) ನಾರು, ಪೊಟ್ಯಾಸಿಯಂ ಚೆನ್ನಾಗಿದೆ, ತೂಕ ಇಳಿಸುವವರಿಗೆ ಹೊಟ್ಟೆ ತುಂಬಿಸುವ ಪದಾರ್ಥ. ಹಸಿ ಕಣಿಲೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶ ಇರುವುದರಿಂದ ಹಿರಿಯರ ಕ್ರಮ ಬಿಡಬಾರದು: ತೆಳ್ಳಗೆ ಹೆಚ್ಚಿ ಎರಡು ಮೂರು ದಿನ ನೀರು ಬದಲಿಸುತ್ತಾ ನೆನೆಸುವುದು, ಆಮೇಲೆ ಚೆನ್ನಾಗಿ ಕುದಿಸಿ ಆ ನೀರು ಚೆಲ್ಲುವುದು.

ತೆರ್ಮೆ ತೊಪ್ಪು, ಅಂದರೆ ತಿನ್ನುವ ಜರಿಗಿಡದ ಚಿಗುರು, ಪಲ್ಯಕ್ಕೂ ಸೈ. ಆದರೆ ಅದೇ ಜರಿಗಿಡದ ಕುಲದಂತೆ ಕಾಣುವ ಬ್ರಾಕನ್ ಜರಿಯಲ್ಲಿ ಕ್ಯಾನ್ಸರ್‌ಕಾರಕ ಅಂಶವಿದೆ, ಗುರುತು ತಪ್ಪಬಾರದು. ಗದ್ದೆಯ ಏಡಿ ಸವೆತದವರಿಗೆ ಅಡ್ಡಿಯಿಲ್ಲ, ನನ್ನಂಥವರಿಗೆ ದೂರದ ನಮಸ್ಕಾರ. ಕೆಸುವಿನ ಸೊಪ್ಪನ್ನು ಮೂತ್ರಪಿಂಡದ ಕಲ್ಲಿನವರು ಬಿಡುವುದು ಒಳ್ಳೆಯದು.

ಹೆಜ್ಜೆ 7: ಕಾಫಿ, ಕಿತ್ತಳೆ, ಕಾಲು ಸೂಪು

ಖುಷಿಯ ಸುದ್ದಿ ಇಲ್ಲಿದೆ. ಕಾಫಿ ಕುಡಿಯುವವರಲ್ಲಿ ಗೌಟ್ ಕಡಿಮೆ ಎಂದು ದೊಡ್ಡ ಅಧ್ಯಯನಗಳು ತೋರಿಸಿವೆ. ಹಾಗೆಂದು ಕುಡಿಯದವರು ಹೊಸದಾಗಿ ಶುರುಮಾಡಬೇಕಿಲ್ಲ, ಆದರೆ ತೋಟ ನೋಡಿಕೊಳ್ಳುತ್ತಾ ದಿನಕ್ಕೆ ಎರಡು ಮೂರು ಲೋಟ ಕುಡಿಯುವವರನ್ನು ತಡೆಯಬೇಕಾಗಿಯೂ ಇಲ್ಲ. ಬೆಲ್ಲದ ಕಾಫಿಯ ಬೆಲ್ಲಕ್ಕೆ ಮಾತ್ರ ಹತೋಟಿ ಇರಲಿ.

ಕೊಡಗಿನ ಕಿತ್ತಳೆಯನ್ನು ಸುಲಿದು ತಿನ್ನಿ, ಹಿಂಡಿ ಕುಡಿಯಬೇಡಿ. ವಿಟಮಿನ್ ಸಿ ಮೃದ್ವಸ್ಥಿಯ ಕೊಲಾಜನ್ ಕಟ್ಟಲು ಬೇಕು, ಯೂರಿಕ್ ಆಮ್ಲವನ್ನೂ ಒಂದಿಷ್ಟು ತಗ್ಗಿಸುತ್ತದೆ. ಕಿತ್ತಳೆ ಸಿಗದ ತಿಂಗಳಲ್ಲಿ ಸೀಬೆ. ಅದರಲ್ಲಿ ಕಿತ್ತಳೆಗಿಂತ ಮೂರು ನಾಲ್ಕು ಪಟ್ಟು ವಿಟಮಿನ್ ಸಿ ಇದೆ, ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಬೆಲೆಯೂ ಕಡಿಮೆ.

ಕಾಲು ಸೂಪು ಕುಡಿದರೆ ಮೂಳೆ ಕೂಡುತ್ತದೆ ಎಂಬ ಮಾತಿಗೆ ಗಟ್ಟಿ ಆಧಾರವಿಲ್ಲ. ಮೂಳೆ ಎಷ್ಟು ಹೊತ್ತು ಕುದಿಸಿದರೂ ನೀರಿಗೆ ಬಿಡುವ ಕ್ಯಾಲ್ಸಿಯಂ ಅತ್ಯಲ್ಪ. ಚಳಿಗೆ ಹಿತ, ಅಷ್ಟೇ. ಬದನೆ, ಟೊಮೆಟೊ ತಿಂದರೆ ಕೀಲುನೋವು ಹೆಚ್ಚುತ್ತದೆ ಎಂಬುದಕ್ಕೂ ಅದೇ ಉತ್ತರ. ನಿಮಗೇ ಹಾಗೆ ಅನಿಸಿದರೆ ಮೂರು ವಾರ ಬಿಟ್ಟು, ಮತ್ತೆ ಮೂರು ದಿನ ತಿಂದು ನೋಡಿ.

ನೀರು ಮರೆಯಬೇಡಿ. ಮಳೆಗಾಲದಲ್ಲಿ ಬಾಯಾರುವುದಿಲ್ಲ, ದಿನಕ್ಕೆ ನಾಲ್ಕು ಲೋಟಕ್ಕೆ ಇಳಿಯುತ್ತದೆ, ಯೂರಿಕ್ ಆಮ್ಲ ಒಳಗೇ ಉಳಿಯುತ್ತದೆ. ಒಲೆಯ ಪಕ್ಕ ಜೀರಿಗೆ ನೀರಿನ ಕೆಟಲ್ ಇಟ್ಟುಕೊಂಡು ಎರಡು ಲೀಟರ್ ಮುಗಿಸಿ. ಹೃದಯ, ಮೂತ್ರಪಿಂಡದ ತೊಂದರೆ ಇರುವವರಿಗೆ ಮಾತ್ರ ಈ ಅಳತೆ ಡಾಕ್ಟರು ಹೇಳಿದಷ್ಟು.

ಹೆಜ್ಜೆ 8: ಪುಸ್ತಕ ಇಡಿ

ತೋಟದ ಮಳೆ ಲೆಕ್ಕ ಬರೆಯುವ ಅಭ್ಯಾಸ ನಮ್ಮ ಮನೆಗಳಲ್ಲಿ ಹಳೆಯದು. ಅದೇ ಪುಸ್ತಕದ ಅಂಚಿನಲ್ಲಿ ಮೂರು ಅಂಕಿ ಸೇರಿಸಿ: ಬೆಳಗಿನ ಬಿಗಿತ ಎಷ್ಟು ನಿಮಿಷ, ಸಂಜೆಯ ನೋವು ಹತ್ತಕ್ಕೆ ಎಷ್ಟು, ನೋವಿನ ಮಾತ್ರೆ ಎಷ್ಟು. ಹೊಸ ಆಹಾರ ಒಂದು ಸಲಕ್ಕೆ ಒಂದೇ. ಮೀನಿಗೆ ಮೂರು ತಿಂಗಳು, ಅರಿಶಿನಕ್ಕೆ ಆರು ವಾರ ಕೊಡಿ. ಎಲ್ಲವನ್ನೂ ಒಟ್ಟಿಗೆ ಶುರುಮಾಡಿದರೆ ಯಾವುದು ಫಲಿಸಿತು ಎಂದು ದೇವರಿಗೂ ತಿಳಿಯದು. ಅಮ್ಮನ ಪುಸ್ತಕದಲ್ಲಿ ಬೆಳಗಿನ ಬಿಗಿತ ತೊಂಬತ್ತು ನಿಮಿಷದಿಂದ ನಲವತ್ತಕ್ಕೆ ಬಂದಿತ್ತು. ಆದರೆ ಅದೇ ತಿಂಗಳು ಡಾಕ್ಟರು ಮಾತ್ರೆಯನ್ನೂ ಹೆಚ್ಚಿಸಿದ್ದರು ಎಂಬುದೂ ಅದೇ ಪುಟದಲ್ಲಿತ್ತು.

ಮದ್ದಿನ ಜೊತೆ ಜಗಳವಾಡುವ ಊಟ

ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವ ಆಮವಾತದವರು ಮದ್ಯ ಬಿಡಬೇಕು, ಎರಡೂ ಈಲಿಯ ಮೇಲೆ ಬೀಳುತ್ತವೆ. ಆ ಮಾತ್ರೆ ವಾರಕ್ಕೊಂದು ದಿನದ್ದು, ತಪ್ಪಿ ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ಹಾಗಾಗಿ ಕ್ಯಾಲೆಂಡರಿನಲ್ಲಿ ವಾರ ಗುರುತು ಹಾಕಿಡಿ. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರು ಸೊಪ್ಪಿನ ಪ್ರಮಾಣವನ್ನು ಒಮ್ಮೆಲೇ ಏರಿಸಬಾರದು, ಅರಿಶಿನ-ಶುಂಠಿಯ ಮಾತ್ರೆ ಮುಟ್ಟಬಾರದು. ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಯನ್ನು ಖಾಲಿ ಹೊಟ್ಟೆಗೆ ಬರೀ ಕಾಫಿಯ ಜೊತೆ ನುಂಗಿ ತೋಟಕ್ಕೆ ಹೊರಡುವ ಚಾಳಿ ಹೊಟ್ಟೆಹುಣ್ಣಿಗೆ, ವರ್ಷಗಟ್ಟಲೆ ಆದರೆ ಮೂತ್ರಪಿಂಡಕ್ಕೆ ದಾರಿ. ಎರಡೇ ದಿನದಲ್ಲಿ ನೋವು ಮಾಯ ಮಾಡುವ ಹೆಸರಿಲ್ಲದ ‘ನಾಟಿ’ ಪುಡಿ ಯಾರಾದರೂ ಕೊಟ್ಟರೆ ಅದರಲ್ಲಿ ಸ್ಟೆರಾಯ್ಡ್ ಬೆರೆತಿರಬಹುದೆಂದು ಅನುಮಾನಿಸಿ. ಮುಖ ಊದುವುದು, ಸಕ್ಕರೆ ಏರುವುದು ಅದರ ಸುಳಿವು.

ಒಂದು ಕೀಲು ಒಮ್ಮೆಲೇ ಊದಿ, ಕೆಂಪಾಗಿ, ಜೊತೆಗೆ ಜ್ವರವೂ ಬಂದರೆ ಅದು ಕೀಲಿನೊಳಗಿನ ಸೋಂಕಾಗಿರಬಹುದು. ಮೊದಲ ಸಲ ಹೆಬ್ಬೆರಳು ಊದಿದವರೂ ‘ಇದು ಗೌಟೇ’ ಎಂದು ತಾವೇ ತೀರ್ಮಾನಿಸಬಾರದು. ಬಿದ್ದು ಕಾಲೂರಲು ಆಗದಿದ್ದರೆ, ತೂಕ ತಾನಾಗಿ ಇಳಿಯುತ್ತಿದ್ದರೆ, ರಾತ್ರಿ ಮಲಗಿದಾಗಲೂ ಮೂಳೆ ನೋವು ಬಿಡದಿದ್ದರೆ ಸಾರು, ಕಷಾಯ ಬದಿಗಿಟ್ಟು ಅದೇ ದಿನ ಆಸ್ಪತ್ರೆಗೆ ಹೊರಡಿ. ಹೋಗುವಾಗ ಆ ಮಳೆಲೆಕ್ಕದ ಪುಸ್ತಕ ಕೈಯಲ್ಲಿರಲಿ, ನುಂಗುತ್ತಿರುವ ಎಲ್ಲ ಮಾತ್ರೆಗಳ ಹಾಳೆಗಳೂ ಒಂದು ಚೀಲದಲ್ಲಿರಲಿ.